ಅಪ್ಪನೂ ನನ್ನ ಅಭ್ಯಾಸ ಪಾಠಗಳೂ

ಬೆಳಗ್ಗೆ ಎದ್ದ ಕೂಡಲೇ ಇವತ್ತು ಇಂಥಿಂಥದ್ದು ಮಾಡಬೇಕು ಎಂದು ನಿಶ್ಚಯಿಸಿ, ಸಂಜೆಯ ಹೊತ್ತಿಗೆ ಅದನ್ನೇ ಮಾಡಿ ಮುಗಿಸಿರುವವರನ್ನು ಕಂಡರೆ ನನಗೆ ಗೌರವ. ಸ್ವಲ್ಪ ಭಯವೂ ಇದೆ. ನಾನು ಆ ಪಂಗಡಕ್ಕೆ ಸೇರಿದವಳಲ್ಲ. ಬೀರು ಜೋಡಿಸೋಣವೆಂದು ಕುಳಿತರೆ ಅದರಲ್ಲಿದ್ದ ಸೀರೆಗಳನ್ನೆಲ್ಲ ಮಂಚದ ಮೇಲೆ ಹರಡಿಕೊಂಡು, ಇದು ಯಾರ ಮದುವೆಯದು, ಅದು ಯಾರು ಕೊಟ್ಟಿದ್ದು ಎಂದು ಯೋಚಿಸುತ್ತ ಮಧ್ಯಾಹ್ನ ಮಾಡುತ್ತೇನೆ. ಉಪ್ಪಿಟ್ಟಿಗೆ ನೀರು ಹೆಚ್ಚಾದರೆ "ಇವತ್ತು ರವೆ ಗಂಜಿ ಮಾಡಿದ್ದೀನಿ, ಹೊಟ್ಟೆಗೆ ಹಗುರ" ಎಂದು ಬಡಿಸುತ್ತೇನೆ. ಮೊದಲು ಕೆಲಸ, ಅದು ಏನಾಗುತ್ತದೋ ನೋಡಿಕೊಂಡು ಆಮೇಲೆ ಉದ್ದೇಶ. ಈ ಕ್ರಮದಲ್ಲಿ ನನಗೆ ಸೋಲೆಂಬುದೇ ಇಲ್ಲ. ಇಂಥ ನಾನು ಒಂದು ಕಾಲದಲ್ಲಿ, ಪ್ರತಿದಿನವೂ, ಮಾಡುವ ಕೆಲಸದ ಉದ್ದೇಶವನ್ನು ಹಿಂದಿನ ಸಂಜೆಯೇ ಮಸಿಯಲ್ಲಿ ಬರೆದು, ದೊಡ್ಡವರಿಂದ ರುಜು ಹಾಕಿಸಿಕೊಂಡು ಹೋಗುತ್ತಿದ್ದೆ ಎಂದರೆ ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ. ಅದು ನಾನು ಮೇಷ್ಟ್ರ ಟ್ರೈನಿಂಗ್‌ನಲ್ಲಿದ್ದ ಕಾಲ.

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮದು ಚಿಂತಾಮಣಿ ಕಡೆಯ ಕೆಂಚಾರ್ಲಹಳ್ಳಿ. ಹೊಲ, ಬಾವಿ, ಒಂದಿಷ್ಟು ಹಿಪ್ಪುನೇರಳೆ ತೋಟ ಇದ್ದ ಮನೆ. ಹೆಣ್ಣುಮಕ್ಕಳು ಗಂಡು ಗೊತ್ತಾಗುವ ತನಕ ಓದಬಹುದು ಎಂಬುದು ಅಲ್ಲಿಯ ಪದ್ಧತಿ. ನನಗೆ ಗಂಡು ಗೊತ್ತಾಗುವುದು ತಡವಾದ್ದರಿಂದ ನಾನು ಎಸ್ಸೆಸ್ಸೆಲ್ಸಿ ಪಾಸಾಗಿಬಿಟ್ಟೆ. ಇನ್ನೂ ತಡವಾದ್ದರಿಂದ ಚಿಕ್ಕಬಳ್ಳಾಪುರದ ಟ್ರೈನಿಂಗ್ ಶಾಲೆಗೆ ಸೇರಿದೆ. ನನ್ನನ್ನು ಸೇರಿಸಲು ಅಪ್ಪನ ಜೊತೆ ಅಜ್ಜಿಯೂ ಬಂದಿದ್ದಳು. ಅಲ್ಲಿಯ ಹಾಸ್ಟೆಲಿನ ವಾರ್ಡನ್ ಅಂಗಳದ ಆ ತುದಿಯಲ್ಲಿದ್ದ ಯಾರೋ ಹುಡುಗಿಯನ್ನು ಈ ತುದಿಯಿಂದ ಗದರಿಸಿದ್ದನ್ನು ಕೇಳಿದ ಮೇಲೆಯೇ ಅವಳಿಗೆ ಸಮಾಧಾನವಾದದ್ದು. "ಈಯಮ್ಮ ಇರೋ ಕಡೆ ಕೋಳಿಮರೀನೂ ದಾರಿ ತಪ್ಪಲ್ಲ ಬಿಡು" ಎಂದು ಒಪ್ಪಿಗೆ ಕೊಟ್ಟಳು.

ತೊಂದರೆ ಬಂದದ್ದು ಅಭ್ಯಾಸ ಪಾಠದ ಕಾಲಕ್ಕೆ. ಟ್ರೈನಿಂಗಿನ ಕೊನೆಯ ಕೆಲವು ತಿಂಗಳು ನಮ್ಮನ್ನು ಬೇರೆ ಬೇರೆ ಊರಿನ ಶಾಲೆಗಳಿಗೆ ಹಂಚುತ್ತಿದ್ದರು. ಅಲ್ಲಿ ನಿಜವಾದ ತರಗತಿ, ನಿಜವಾದ ಮಕ್ಕಳು. ನನಗೆ ಶಿಡ್ಲಘಟ್ಟ ಬಂತು. ಅಲ್ಲಿ ನಮ್ಮ ಅಪ್ಪನ ಸ್ವಂತ ಅಕ್ಕ, ಚಿನ್ನಮ್ಮತ್ತೆಯ ಮನೆ ಇತ್ತು. ಇನ್ನೇನು ಬೇಕು ಎಂದುಕೊಂಡೆವು. ಅಜ್ಜಿ ಮಾತ್ರ ತನ್ನ ಮಗಳ ಮನೆಯೇ ಆದರೂ ಸೋಲಲಿಲ್ಲ. "ಮನೇಲಿ ಚಿನ್ನಮ್ಮ ನೋಡ್ಕೋತಾಳೆ, ಸರಿ. ಮನೆಯಿಂದ ಇಸ್ಕೂಲಿಗೆ ಒಂದು ದಾರಿ ಅದೆಯಲ್ಲ, ಆ ದಾರೀನ ಯಾರು ನೋಡ್ಕೋತಾರೆ?" ಎಂದಳು. ದಾರಿಯನ್ನು ನೋಡಿಕೊಳ್ಳಲು ಅಪ್ಪ ನನ್ನ ಜೊತೆ ಹೋಗುವುದೆಂದು ತೀರ್ಮಾನವಾಯಿತು. ರಾಗಿ ಒಕ್ಕಣೆ ಮುಗಿದಿತ್ತು; ತೋಟಕ್ಕೆ ನೀರು ಕಟ್ಟಲು ಚಿಕ್ಕಪ್ಪ ಇದ್ದರು. ಬಸ್ಸು ಹತ್ತುವ ಮುಂಚೆ ಅಜ್ಜಿ ಇನ್ನೊಂದು ಮಾತು ಸೇರಿಸಿದಳು: "ಇದ್ರಲ್ಲಿ ಪಾಸಾದ್ರೆ ಮೇಷ್ಟ್ರಾಗು. ಇಲ್ಲಾಂದ್ರೆ ಇಲ್ಲಿಗೆ ಸಾಕು. ನಮ್ಮಣ್ಣನ ಮೊಮ್ಮಗ ಅವ್ನೆ, ಅವನಿಗೆ ಮಾಡಿಬಿಡಾಣ." ಅವಳ ಅಣ್ಣನ ಮೊಮ್ಮಗ ಊಟ ಮಾಡುವುದನ್ನು ನಾನು ಒಂದು ಮದುವೆಯಲ್ಲಿ ನೋಡಿದ್ದೆ. ಪಾಸಾಗಲೇಬೇಕೆಂಬ ಛಲ ಹುಟ್ಟಿದ್ದು ಅಲ್ಲಿಂದಲೇ.

ಪಾಸಾಗಲು ಮುಖ್ಯವಾದದ್ದು ಉದ್ದೇಶ ಎಂದು ನಮ್ಮ ಉಪಾಧ್ಯಾಯರಾದ ನಾಗೇಶರಾಯರು ಹೇಳುತ್ತಿದ್ದರು. ನಮ್ಮ ಅಭ್ಯಾಸ ಪಾಠಗಳನ್ನು ನೋಡಿ ಟೀಕೆ ಬರೆಯುವವರು ಅವರೇ. ಸಣ್ಣ ದನಿ, ದಪ್ಪ ಕನ್ನಡಕ, ಸದಾ ಒಗೆದು ಇಸ್ತ್ರಿ ಮಾಡಿದ ಕೋಟು. ಪಾಠ ಮಾಡುವ ಮುಂಚೆ ಪಾಠ ಟಿಪ್ಪಣಿ ಬರೆಯಬೇಕು. ಅದರ ಮೊದಲ ಅಂಕಣವೇ ಉದ್ದೇಶ. ಶಿಡ್ಲಘಟ್ಟಕ್ಕೆ ಹೊರಡುವ ಮುಂಚೆ ಬರೆದ ನನ್ನ ಮೊದಲ ಟಿಪ್ಪಣಿ ಆಲೂಗೆಡ್ಡೆಯನ್ನು ಕುರಿತದ್ದು. ಅದಕ್ಕೆ ನಾನು "ಮಕ್ಕಳಲ್ಲಿ ಪ್ರಕೃತಿಪ್ರೇಮ, ದೇಶಭಕ್ತಿ ಮತ್ತು ಸಹಬಾಳ್ವೆಯ ಗುಣಗಳನ್ನು ಬೆಳೆಸುವುದು" ಎಂದು ಬರೆದಿದ್ದೆ. ರಾಯರು ಅದನ್ನು ಎರಡು ಸಲ ಓದಿದರು. "ಇದೆಲ್ಲಾ ಒಂದು ಆಲೂಗೆಡ್ಡೆಯಿಂದಲೇ ಆಗಬೇಕೇನಮ್ಮ?" ಎಂದರು. ಎರಡನೆಯ ಸಲ "ಮಕ್ಕಳು ಆಲೂಗೆಡ್ಡೆಯನ್ನು ಅರ್ಥ ಮಾಡಿಕೊಳ್ಳುವರು" ಎಂದು ಬರೆದೆ. "ಅರ್ಥ ಆಯಿತು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ? ತಲೆ ಬಿಚ್ಚಿ ನೋಡ್ತೀರಾ? ಕಣ್ಣಿಗೆ ಕಾಣೋ ಹಾಗೆ, ಕಿವಿಗೆ ಕೇಳೋ ಹಾಗೆ ಬರೀರಿ. ಹೇಳುವರು, ಗುರುತಿಸುವರು, ಬರೆಯುವರು. ಪಾಠ ಮುಗಿದ ಮೇಲೆ ಮಕ್ಕಳು ಏನು ಮಾಡಬಲ್ಲರು ಅನ್ನೋದೇ ಉದ್ದೇಶ." ಅವರು ಹೇಳಿದ್ದು ಸರಿಯಾದ ಮಾತು ಎಂದು ನನಗೆ ಈಗ ಗೊತ್ತು. ಆಗ ಮಾತ್ರ, ಆಲೂಗೆಡ್ಡೆ ತಿನ್ನುವುದನ್ನು ಬಿಟ್ಟು ಮಕ್ಕಳು ಅದನ್ನು ಇಟ್ಟುಕೊಂಡು ಬೇರೆ ಏನು ಮಾಡಬಲ್ಲರು ಎಂದು ಹೊಳೆಯದೆ ಅತ್ತೆಯ ಮನೆಯ ಜಗಲಿಯಲ್ಲಿ ಪೆನ್ನಿನ ಮೂತಿ ಕಚ್ಚುತ್ತ ಕುಳಿತಿದ್ದೆ.

ಪಕ್ಕದಲ್ಲಿ ಅಪ್ಪ ಅವರೆಕಾಯಿ ಸುಲಿಯುತ್ತಿದ್ದ. "ಏನಮ್ಮಾ ರತ್ನಮ್ಮ, ಅಷ್ಟೊತ್ತಿಂದ ಒಂದು ಗೆರೆ ಆಗ್ಲಿಲ್ಲ?" ಎಂದ.

"ಉದ್ದೇಶ ಬರೀಬೇಕಪ್ಪ. ನಾಳೆ ಪಾಠ ಆದ್ಮೇಲೆ ಮಕ್ಕಳಿಗೆ ಏನು ಬರಬೇಕು ಅಂತ ಇವತ್ತೇ ಬರೆದಿಡಬೇಕು."

ಅಪ್ಪ ಕೈಯಲ್ಲಿದ್ದ ಕಾಯನ್ನು ಹಾಗೇ ಹಿಡಿದುಕೊಂಡು ಯೋಚಿಸಿದ. "ಬರ್ದಂಗೇ ಬಂದ್ಬಿಡುತ್ತಾ?"

"ಬರಬೇಕು."

"ಬರಲಿಲ್ಲ ಅಂದ್ರೆ?"

"ನಾನು ಫೇಲು."

"ಅವರಿಗೆ ಬರದೆ ಇದ್ರೆ ನೀನ್ಯಾಕಮ್ಮ ಫೇಲು?" ಎಂದು ಅಪ್ಪನಿಗೆ ನಿಜವಾಗಿಯೂ ಕಳವಳವಾಯಿತು. ನನ್ನ ಭವಿಷ್ಯವು ಐದನೆಯ ತರಗತಿಯ ಒಂದಷ್ಟು ಮಕ್ಕಳ ಬಾಯಲ್ಲಿದೆ ಎಂಬುದು ಅವನಿಗೆ ಅಂದು ಗೊತ್ತಾಯಿತು. ಮುಂದೆ ನಡೆದದ್ದಕ್ಕೆಲ್ಲ ಅದೇ ಕಾರಣ ಎಂದು ನನ್ನ ಅಂದಾಜು.

ಮೊದಲ ದಿನ ಅಪ್ಪ ನನ್ನನ್ನು ಶಾಲೆಯ ಗೇಟಿನ ತನಕ ಬಿಟ್ಟು ಹಿಂದಿರುಗಿದ್ದ. ಮರುದಿನ ಒಳಗಿನ ಹೊಂಗೆಮರದ ನೆರಳಿಗೆ ಬಂದ. ಆಮೇಲೆ ಜಗಲಿಗೆ. ಹೆಡ್‌ಮಾಸ್ತರು ಸಂಭಾವಿತರು, ಹೊರಗಿನವರು ಶಾಲೆಯೊಳಗೆ ಕೂರಬಾರದು ಎಂದು ಹೇಳಲು ಬಂದೇ ಬಂದರು. ಅಷ್ಟರಲ್ಲಿ ಅಪ್ಪ ಊರಿನಿಂದ ತರಿಸಿದ್ದ ಒಂದು ಮಂಕರಿ ಅವರೆಕಾಯನ್ನು ಅವರ ಮನೆಗೆ ಮುಟ್ಟಿಸಿ ಆಗಿತ್ತು. ರಾತ್ರಿ ಅದೇ ಅವರೆಯ ಹಿತಕಬೇಳೆ ಸಾರು ಉಂಡವರು ಬೆಳಗ್ಗೆ ಹೇಗೆ ಎದ್ದು ಹೋಗಿ ಎಂದಾರು? "ಬಿಸಿಲು ಬೀಳುತ್ತೆ, ಆ ಕಡೆ ಕೂತ್ಕೊಳಿ" ಎಂದರಂತೆ. ಆ ಕಡೆ ಎಂದರೆ ಸರಿಯಾಗಿ ನನ್ನ ತರಗತಿಯ ಕಿಟಕಿಯ ಕೆಳಗೆ. ಅಲ್ಲಿ ಕುಳಿತರೆ ಅಪ್ಪನ ರುಮಾಲಿನ ತುದಿ ಮಾತ್ರ ಒಳಗಿನವರಿಗೆ ಕಾಣುತ್ತಿತ್ತು. ಪಾಠ ಸ್ವಾರಸ್ಯವಾಗಿದ್ದರೆ ರುಮಾಲು ನಿಧಾನವಾಗಿ ಮೇಲೇರಿ ಹುಬ್ಬು ಕಾಣುತ್ತಿತ್ತು, ಇನ್ನೂ ಸ್ವಾರಸ್ಯವಾದರೆ ಮೀಸೆ. ಅಪ್ಪ ಹುಡುಗನಾಗಿದ್ದಾಗ ಶಾಲೆ ಹತ್ತಿದ್ದು ಇಳಿದದ್ದು ಎರಡೂ ಬೇಗ ಆಗಿತ್ತು. ಅವರಪ್ಪ ತೀರಿಕೊಂಡು, ನೇಗಿಲು ಅವನ ಕೈಗೆ ಬಂದಿತ್ತು. ಹಾಗಾಗಿ ಐದನೆಯ ತರಗತಿಯ ಪಾಠಗಳೆಲ್ಲ ಅವನಿಗೆ ಹೊಸವು. "ನಾನು ದಾರಿ ನೋಡ್ಕೊಳಾಕೆ ಬಂದಿರೋನು" ಎಂದು ಅತ್ತೆಗೆ ಹೇಳಿ ಬೆಳಗ್ಗೆ ನನಗಿಂತ ಮೊದಲೇ ಚಪ್ಪಲಿ ಮೆಟ್ಟಿ ನಿಲ್ಲುತ್ತಿದ್ದ. ಅತ್ತೆಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. "ಏರಾ, ನೀಕು ಪನಿ ಲೇದಾ?" ಎಂದು, ನಿನಗೇನು ಬೇರೆ ಕೆಲಸವಿಲ್ಲವೇ ಎಂದು, ಅವನ ಬೆನ್ನಿಗೆ ಕೂಗುತ್ತಿದ್ದಳು.

ರಾಯರು ಚಿಕ್ಕಬಳ್ಳಾಪುರದಿಂದ ನನ್ನ ಪಾಠ ನೋಡಲು ಮೊದಲ ಸಲ ಬಂದ ದಿನ ನನ್ನದು ಭೂಗೋಳದ ಪಾಠ. "ಪಾಠದ ಕೊನೆಯಲ್ಲಿ ಮಕ್ಕಳು ಭೂಮಿಯ ಮೇಲೆ ನೆಲಕ್ಕಿಂತ ನೀರೇ ಹೆಚ್ಚೆಂದು ಹೇಳುವರು." ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಉದ್ದೇಶ, ರಾಯರು ಅದನ್ನು ಓದಿ ತಲೆದೂಗಿ ಹಿಂದಿನ ಬೆಂಚಿನಲ್ಲಿ ಕುಳಿತರು. ನಾನು ಪೀಠಿಕೆ ಹಾಕಿದೆ, ನಕ್ಷೆ ತೂಗುಹಾಕಿದೆ, ಕೋಲು ಹಿಡಿದು ತಿರುಗಿ ಕೇಳಿದೆ. "ಮಕ್ಕಳೇ, ಭೂಮಿಯ ಮೇಲೆ ಯಾವುದು ಹೆಚ್ಚಾಗಿದೆ? ನೆಲವೋ, ನೀರೋ?"

ತರಗತಿ ನಿಶ್ಶಬ್ದ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನಿಶ್ಶಬ್ದ ಅಪ್ಪನಿಗೂ ಕೇಳಿಸಿರಬೇಕು. ಮಗಳು ಫೇಲಾಗುತ್ತಿದ್ದಾಳೆ ಎಂದು ಯಾವ ತಂದೆಗೆ ತಡೆದೀತು? ಕಿಟಕಿಯಲ್ಲಿ ರುಮಾಲು, ಹುಬ್ಬು, ಮೀಸೆ ಮೂರೂ ಒಟ್ಟಿಗೇ ಎದ್ದವು.

"ನೆಲ ಕಣ್ರಪ್ಪ! ನೆಲ ಅನ್ರಿ!"

ಬಾವಿ ತೋಡಿಸಿ ತೋಡಿಸಿ ಬಂಡೆ ಕಂಡವನ ದನಿ ಅದು. ಮಕ್ಕಳಿಗೂ ತಾವು ಹುಟ್ಟಿ ಬೆಳೆದ ಸೀಮೆಯಲ್ಲಿ ಕಂಡದ್ದು ಅದೇ. "ನೆಲ ಟೀಚರ್!" ಎಂದು ಇಡೀ ತರಗತಿ ಸೂರು ಹಾರುವಂತೆ ಕೂಗಿತು. ನಾನು ನಕ್ಷೆಯಲ್ಲಿದ್ದ ನೀಲಿಯನ್ನೆಲ್ಲ ಕೋಲಿನಿಂದ ತೋರಿಸಿ, ನೀರೇ ಹೆಚ್ಚು ಎಂದೆ. ಮುಂದಿನ ಸಾಲಿನಲ್ಲಿ ಎರಡು ಜಡೆಯ ಪಿಳ್ಳಮ್ಮ ಎಂಬ ಹುಡುಗಿ ಇದ್ದಳು, ತರಗತಿಯ ಮಾತುಗಾರ್ತಿ. ಅವಳು ಎದ್ದು "ಎಲ್ಲದೆ ಟೀಚರ್ ಅಷ್ಟೊಂದು ನೀರು? ನಮ್ಮಮ್ಮ ಬೆಳಗಾ ಎದ್ದು ಎಷ್ಟು ದೂರ ಹೋಯ್ತಾಳೆ ಗೊತ್ತಾ?" ಎಂದಳು. ಅದಕ್ಕೆ ಉತ್ತರ ನನ್ನ ಟಿಪ್ಪಣಿಯಲ್ಲಿರಲಿಲ್ಲ. ಪಾಠದ ಕೊನೆಗೆ ಪುನರಾವರ್ತನೆಯ ಪ್ರಶ್ನೆ ಕೇಳಿದಾಗ ಮಕ್ಕಳು ನನ್ನ ಕಡೆ ಒಮ್ಮೆ, ಕಿಟಕಿಯ ಕಡೆ ಒಮ್ಮೆ ನೋಡಿ, ಬಹುಮತದಿಂದ ನೆಲವೆಂದೇ ಹೇಳಿದರು. ರಾಯರ ಟೀಕೆ ಚಿಕ್ಕದಾಗಿತ್ತು: "ಉದ್ದೇಶ ಈಡೇರಿಲ್ಲ. ಕಿಟಕಿಯ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳುವುದು."

ಮನೆಗೆ ಬರುವಾಗ ನಾನು ಅಪ್ಪನಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದೆ. ಜಗಲಿ ಹತ್ತಿದ ಮೇಲೆ ಅತ್ತುಬಿಟ್ಟೆ. "ಮಕ್ಕಳಿಗೆ ಗೊತ್ತಿರುತ್ತಪ್ಪ, ಇಲ್ಲಾಂದ್ರೆ ಕಲೀತಾರೆ. ನೀನ್ಯಾಕೆ ಹೇಳ್ಕೊಡ್ತೀಯ? ಅದೂ ತಪ್ಪು ತಪ್ಪಾಗಿ!" ಎಂದೆ.

ಅಪ್ಪ ರುಮಾಲು ಬಿಚ್ಚಿ ಮಡಚಿಟ್ಟ. ಆಮೇಲೆ ಮೆಲ್ಲಗೆ, "ನಿಜವಾಗ್ಲೂ ನೀರೇ ಜಾಸ್ತೀನಾ?" ಎಂದು ಕೇಳಿದ.

"ಮುಕ್ಕಾಲು ಪಾಲು ನೀರೇ."

"ನೀನು ನೋಡಿದೀಯಾ?"

"ಇಲ್ಲ."

"ನಾನೂ ನೋಡಿಲ್ಲ. ಪುಸ್ತಕ ಬರೆದೋರು ನೋಡಿರ್ತಾರೆ." ನನ್ನ ಮುಖ ನೋಡಿ, "ಆಗ್ಲಮ್ಮ. ನೀನು ಹೇಳ್ತೀಯಲ್ಲ, ನಂಬ್ತೀನಿ" ಎಂದ. ನನ್ನ ಮಾತನ್ನು ನಂಬಿ ತನ್ನ ಅನುಭವವನ್ನು ಬಿಟ್ಟುಕೊಟ್ಟ ಮೊದಲ ವಿದ್ಯಾರ್ಥಿ ಅವನು. ನನಗೆ ಮಾತ್ರ ಅದು ಅಂದು ಹೊಳೆಯಲಿಲ್ಲ. ಸೊರಸೊರ ಎಂದು ಮೂಗೆಳೆದುಕೊಂಡು, "ನಾಳೆಯಿಂದ ನೀನು ಗೇಟಿನ ಒಳಕ್ಕೆ ಬರಬೇಡ" ಎಂದೆ.

ಮರುದಿನ ಅಪ್ಪ ಬರಲಿಲ್ಲ. ನಾನು ಶಾಲೆಯಿಂದ ಹಿಂದಿರುಗಿದಾಗ ಅತ್ತೆ ಬೀದಿಬಾಗಿಲಲ್ಲೇ ನಿಂತಿದ್ದಳು. "ಬಾ, ನಿಮ್ಮಪ್ಪನ್ನ ನೋಡು ಬಾ. ಸಾರಿಗಿಟ್ಟಿದ್ದ ಕುಂಬಳಕಾಯಿ ಏನಾಗದೆ ನೋಡು" ಎಂದಳು. ಹಿತ್ತಲಲ್ಲಿ ಅಪ್ಪ ಕುಕ್ಕರಗಾಲಲ್ಲಿ ಕುಳಿತು, ಒಂದು ದುಂಡನೆಯ ಬೂದುಗುಂಬಳಕಾಯಿಗೆ ಬಟ್ಟೆಗೆ ಹಾಕುವ ನೀಲಿಯನ್ನು ಕಲಸಿ ಬಳಿಯುತ್ತಿದ್ದ. ಅಲ್ಲಲ್ಲಿ ಕೆಮ್ಮಣ್ಣು ಹಚ್ಚಿ ನೆಲ ಬಿಟ್ಟಿದ್ದ. ನನ್ನ ನಕ್ಷೆಯನ್ನು ಎದುರಿಗೆ ಹರಡಿಕೊಂಡು, ಗಾಳಿಗೆ ಹಾರದಂತೆ ನಾಲ್ಕೂ ಮೂಲೆಗೆ ಕಲ್ಲಿಟ್ಟಿದ್ದ. "ನಕ್ಷೆ ಚಪ್ಪಟೆಯಾಗಿ ಅದೆ ಕಣಮ್ಮ, ಮಕ್ಕಳಿಗೆ ನಂಬಿಕೆ ಬರಲ್ಲ. ಇದನ್ನ ತಿರುಗಿಸಿ ತಿರುಗಿಸಿ ತೋರಿಸು. ನಾನೇ ಬಳಿದಿದ್ದೀನಿ, ಮುಕ್ಕಾಲು ಪಾಲು ನೀಲಿ ಬೇಕಾಯ್ತು. ಮೊದಲು ನಂಗೂ ಸಂಶಯ ಇತ್ತು" ಎಂದ.

ಆ ಭೂಮಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಶಾಲೆಗೆ ಹೊತ್ತೆ. ದಕ್ಷಿಣ ಅಮೆರಿಕ ಇರಬೇಕಾದ ಕಡೆ ತೊಟ್ಟು ಇತ್ತು, ಆಫ್ರಿಕದ ಆಕಾರ ನಮ್ಮ ಚಿಂತಾಮಣಿ ತಾಲ್ಲೂಕನ್ನು ಹೋಲುತ್ತಿತ್ತು. ಆದರೂ ಅದನ್ನು ಮೇಜಿನ ಮೇಲೆ ಇಟ್ಟು ಉರುಳಿಸಿದಾಗ ಮಕ್ಕಳು ಬೆಂಚು ಬಿಟ್ಟು ಎದ್ದು ಬಂದು ಮುತ್ತಿಕೊಂಡರು. ಪ್ರತಿಯೊಬ್ಬರಿಗೂ ಒಂದು ಸಲ ಭೂಮಿಯನ್ನು ತಿರುಗಿಸಬೇಕಿತ್ತು. ಗಂಟೆ ಹೊಡೆಯುವ ಹೊತ್ತಿಗೆ ಎಲ್ಲರ ಅಂಗೈಯೂ ನೀಲಿ, ನೀರೇ ಹೆಚ್ಚೆಂಬುದು ಎಲ್ಲರ ಅಂಗೈಯ ಮೇಲೆ ಬರೆದಿತ್ತು. ಪಿಳ್ಳಮ್ಮ ತನ್ನ ಕೈಯನ್ನು ನೋಡಿಕೊಂಡು, "ಅವ್ದು ಟೀಚರ್, ನೀರೇ" ಎಂದು ಒಪ್ಪಿದಳು. ಒಂದು ವಾರ ಆ ಭೂಮಿ ಕಪಾಟಿನ ಮೇಲಿತ್ತು. ಆಮೇಲೆ ಅತ್ತೆ ಅದನ್ನು ವಾಪಸು ಕೇಳಿದಳು. ಸಿಪ್ಪೆ ಹೆರೆದರೆ ಒಳಗಿನದ್ದಕ್ಕೇನೂ ಆಗಿರುವುದಿಲ್ಲವಂತೆ. ಅಂದಿನ ಮಜ್ಜಿಗೆಹುಳಿ ಚೆನ್ನಾಗಿಯೇ ಇತ್ತು.

ಅಪ್ಪನನ್ನು ಮತ್ತೆ ಕಿಟಕಿಗೆ ಬರಗೊಟ್ಟೆ, ಬಾಯಿ ತೆರೆಯಬಾರದೆಂಬ ಷರತ್ತಿನ ಮೇಲೆ. ಅವನು ಅದನ್ನು ನಡೆಸಿಕೊಟ್ಟ. ಎಷ್ಟು ಕಷ್ಟಪಟ್ಟು ನಡೆಸಿಕೊಟ್ಟನೆಂಬುದು ಮೀಸೆಯಿಂದ ತಿಳಿಯುತ್ತಿತ್ತು. ಮಕ್ಕಳು ಉತ್ತರ ಹೇಳದೆ ತಡವರಿಸಿದರೆ ಅವನ ಮೀಸೆ ಕುದಿಯುವ ಸಾರಿನ ಮುಚ್ಚಳದಂತೆ ಅದುರುತ್ತಿತ್ತು. ಸಂಜೆ ಮಾತ್ರ ತಪ್ಪದೆ "ಇವತ್ತಿನ ಉದ್ದೇಶ ಆಯ್ತಾ?" ಎಂದು ವಿಚಾರಿಸುತ್ತಿದ್ದ, ಊಟ ಆಯಿತಾ ಎಂದು ಕೇಳುವಂತೆಯೇ.

ಹೀಗೆ ದಿನ ಉರುಳಿ ಕೊನೆಯ ಪರೀಕ್ಷೆಯ ಪಾಠ ಬಂತು. ಅದನ್ನು ನೋಡಲು ರಾಯರ ಜೊತೆ ಹೊರಗಿನಿಂದ ಒಬ್ಬ ಪರೀಕ್ಷಕರು ಬರುವವರಿದ್ದರು. ಪಾಸೋ ಫೇಲೋ ಅವರ ಕೈಯಲ್ಲಿ. ನಾನು ಆರಿಸಿಕೊಂಡದ್ದು ಕನ್ನಡದಲ್ಲಿ ರಜಾ ಅರ್ಜಿ ಬರೆಯುವ ಪಾಠ. "ಪಾಠದ ಕೊನೆಯಲ್ಲಿ ಮಕ್ಕಳು ತಕ್ಕ ಕಾರಣ ಕೊಟ್ಟು ರಜಾ ಅರ್ಜಿಯನ್ನು ಸ್ವತಂತ್ರವಾಗಿ ಬರೆಯುವರು." ಉದ್ದೇಶವೆಂದರೆ ಹೀಗಿರಬೇಕು ಎಂದು ನನಗೇ ಹೆಮ್ಮೆಯಾಗಿತ್ತು. ಬೆಳಗ್ಗೆ ಬೇಗ ಹೋಗಿ ಹಲಗೆ ಒರೆಸಿ, ತಾರೀಖು ಬರೆದು ತಿರುಗಿ ನೋಡಿದರೆ ತರಗತಿಯಲ್ಲಿ ಬೆರಳೆಣಿಕೆಯ ಮಕ್ಕಳು. ಪಿಳ್ಳಮ್ಮನ ಬೆಂಚು ಇಡಿಯಾಗಿ ಖಾಲಿ.

"ಉಳಿದೋರೆಲ್ಲಾ ಎಲ್ಲಿ?" ಎಂದೆ.

"ಹುಳ ಹಣ್ಣಾಗವೆ ಟೀಚರ್" ಎಂದು ಬಂದವರು ಹೇಳಿದರು.

ಆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೇಷ್ಮೆಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ಮೈಯೆಲ್ಲ ಹೊಳೆಯುವ ಹಳದಿಯಾಗಿ, ಗೂಡು ಕಟ್ಟಲು ಜಾಗ ಹುಡುಕತೊಡಗಿದರೆ ಮನೆಮಂದಿಯೆಲ್ಲ ಕೂತು ಅವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಡಬೇಕು. ಹುಳು ಯಾರಿಗೂ ಕಾಯುವುದಿಲ್ಲ, ಪರೀಕ್ಷಕರಿಗಂತೂ ಇಲ್ಲವೇ ಇಲ್ಲ. ಶಾಲೆಯ ಹಿಂದಿನ ಬೀದಿಯಲ್ಲಿ ಒಂದೇ ಸಲ ಹುಳುವಿನ ಮರಿ ತಂದಿದ್ದ ಮನೆಗಳಲ್ಲೆಲ್ಲ ಒಂದೇ ದಿನ ಹುಳು ಹಣ್ಣಾಗಿತ್ತು. ಮಕ್ಕಳೇ ಇಲ್ಲದ ಮೇಲೆ ಅರ್ಜಿ ಬರೆಯುವವರು ಯಾರು? ಅಜ್ಜಿಯ ಅಣ್ಣನ ಮೊಮ್ಮಗ ಎಲೆಯ ಮುಂದೆ ಕೂತು ತೋಳೇರಿಸುವ ಚಿತ್ರ ನನ್ನ ಕಣ್ಣ ಮುಂದೆ ಬಂತು. ಓಡಿ ಕಿಟಕಿಗೆ ಹೋದೆ. "ಅಪ್ಪ, ಮಕ್ಕಳೇ ಬಂದಿಲ್ಲ. ಹುಳ ಹಣ್ಣಾಗಿದೆಯಂತೆ" ಎಂದೆ.

ಅಪ್ಪ ಪಂಚೆ ಕೊಡವಿಕೊಂಡು ಎದ್ದ. "ನೀನು ಹಲಗೆ ಮೇಲೆ ಬರೆಯೋದು ಬರ್ಕೊ. ನೋಡ್ಕೊಂಡ್ ಬರ್ತೀನಿ" ಎಂದು ಸರಸರ ಹೊರಟುಹೋದ.

ಸ್ವಲ್ಪ ಹೊತ್ತಿಗೆ ಮಕ್ಕಳು ಬರತೊಡಗಿದರು. ಒಬ್ಬರು, ಇಬ್ಬರು, ಆಮೇಲೆ ಗುಂಪಾಗಿ. ಕೂದಲಲ್ಲಿ ಸೊಪ್ಪಿನ ಚೂರು, ಕೆಲವರ ತೋಳಿನ ಮೇಲೆ ಇನ್ನೂ ಒಂದೊಂದು ಹುಳು. ಅವನ್ನೆಲ್ಲ ಒಂದು ಕಾಗದಕ್ಕೆ ಬಿಡಿಸಿ ಮೂಲೆಗಿಡುವಷ್ಟರಲ್ಲಿ ರಾಯರೂ ಪರೀಕ್ಷಕರೂ ಬಂದು ಕುಳಿತರು. ಕಿಟಕಿಯಲ್ಲಿ ರುಮಾಲು ಮಾತ್ರ ಇರಲಿಲ್ಲ. ಪೀಠಿಕೆಯ ಮೊದಲ ಪ್ರಶ್ನೆ ಕೇಳಿ ನಾನು ರೂಢಿಯಂತೆ ಆ ಕಡೆ ನೋಡಿದೆ. ಬರೀ ಬಿಸಿಲು. ಅಲ್ಲಿಯ ತನಕ ಆ ಮೀಸೆ ಅದುರುವುದನ್ನು ನೋಡಿಯೇ ಪ್ರಶ್ನೆ ಕಷ್ಟವಾಯಿತೋ ಸುಲಭವಾಯಿತೋ ಎಂದು ನಾನು ತಿಳಿಯುತ್ತಿದ್ದೆನೆಂಬುದು ಅಂದೇ ಗೊತ್ತಾದದ್ದು. ಬೇರೆ ದಾರಿಯಿಲ್ಲದೆ ಮಕ್ಕಳ ಮುಖವನ್ನೇ ನೋಡಿದೆ. ನೋಡುತ್ತ ನೋಡುತ್ತ ಪಾಠ ತಾನಾಗಿ ಸಾಗಿತು. ಯಾರಿಗೆ ಅರ್ಜಿ, ಯಾಕೆ ರಜೆ, ಎಷ್ಟು ದಿನ. ಮಕ್ಕಳೇ ಹೇಳಿದರು, ನಾನು ಹಲಗೆಯ ಮೇಲೆ ಬರೆದೆ.

ನಡುವೆ ಪರೀಕ್ಷಕರು ಪಿಳ್ಳಮ್ಮನನ್ನು ಎಬ್ಬಿಸಿದರು. "ನೀನು ಏನು ಕಾರಣ ಕೊಡ್ತೀಯಮ್ಮ?"

"ಹುಳ ಹಣ್ಣಾಗವೆ, ನಮ್ಮಮ್ಮಂಗೆ ಒಬ್ಬಳಿಗೇ ಆಗಲ್ಲ, ಅದಕ್ಕೇ ರಜ ಕೊಡಿ ಅಂತ ಸಾರ್."

"ತಕ್ಕ ಕಾರಣವೇ. ಯಾವತ್ತು ಹಣ್ಣಾಗಿದ್ದು?"

"ಇವತ್ತೇ ಸಾರ್."

"ಮತ್ತೆ ಇವತ್ತು ಹೇಗೆ ಬಂದೆ?"

"ನನ್ನ ಬದಲಿಗೆ ಟೀಚರವರ ಅಪ್ಪ ಕೂತವ್ರೆ ಸಾರ್. ಟೀಚರವರ ಅತ್ತೆ ನಮ್ಮ ಪಕ್ಕದ ಮನೇಲಿ ಕೂತವ್ರೆ."

ಪರೀಕ್ಷಕರು ರಾಯರ ಮುಖ ನೋಡಿದರು. ರಾಯರು ಕನ್ನಡಕ ತೆಗೆದು ಒರೆಸಿದರು. ನಾನು ಹಲಗೆಯ ಕಡೆ ತಿರುಗಿ, ಬರೆದ ಸಾಲನ್ನೇ ಇನ್ನೊಮ್ಮೆ ತಿದ್ದುತ್ತ, ಸೀಮೆಸುಣ್ಣ ಮುರಿದುಹೋಗುವ ತನಕ ಹಾಗೇ ನಿಂತಿದ್ದೆ.

ಪಾಠ ಮುಗಿದ ಮೇಲೆ ಪಿಳ್ಳಮ್ಮನ ಜೊತೆ ಅವರ ಮನೆಗೆ ಓಡಿದೆ. ಬೀದಿಯಲ್ಲಿ ಹೆಂಗಸರೆಲ್ಲ ನಗುತ್ತಿದ್ದರು. ನೆಂಟರ ಮನೆಗೆ ಬಂದ ಗಂಡಸು ಬಿಳಿ ರುಮಾಲು ಕಟ್ಟಿಕೊಂಡು ಕಂಡವರ ಮನೆಯ ಹುಳು ಆರಿಸಲು ಕೂತದ್ದನ್ನು ಕಂಡು ನಾಚಿಕೆಯಾಗಿ, ಉಳಿದ ತಾಯಂದಿರೂ ತಮ್ಮ ತಮ್ಮ ಮಕ್ಕಳನ್ನು ಕಳಿಸಿದ್ದರಂತೆ. ಒಳಗೆ ಅರೆಗತ್ತಲಲ್ಲಿ ಅಪ್ಪ ತಟ್ಟೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ಬೆರಳುಗಳಿಗೆಲ್ಲ ರೇಷ್ಮೆಯ ಎಳೆ ಸುತ್ತಿಕೊಂಡಿತ್ತು.

"ಆಯ್ತೇನಮ್ಮ ಉದ್ದೇಶ?" ಎಂದ, ತಲೆ ಎತ್ತದೆ.

"ಆಯ್ತಪ್ಪ. ಎಲ್ಲರೂ ಬರೆದರು."

"ಯಾರೂ ಹೇಳ್ಕೊಡ್ಲಿಲ್ಲ ತಾನೆ?"

"ಯಾರೂ ಇರಲಿಲ್ಲವಲ್ಲ, ಹೇಳ್ಕೊಡೋಕೆ."

ಅಪ್ಪ ಒಂದು ಹುಳುವನ್ನು ಚಂದ್ರಿಕೆಯ ಸುರುಳಿಯಲ್ಲಿ ಮೆಲ್ಲಗೆ ಬಿಟ್ಟ. ಅದು ತಲೆ ಆಚೀಚೆ ಆಡಿಸಿ ತನ್ನ ಜಾಗ ನೋಡಿಕೊಂಡಿತು. "ಹಂಗಾದ್ರೆ ನಾನು ನಾಳೆ ಊರಿಗೆ ಹೋಯ್ತೀನಿ ಕಣಮ್ಮ. ತೋಟದ ಕಡೆ ನೋಡಿ ಬಹಳ ದಿನ ಆಯ್ತು" ಎಂದ. ಪರೀಕ್ಷೆ ಮುಗಿದರೂ ಇನ್ನೂ ಕೆಲವು ಅಭ್ಯಾಸ ಪಾಠಗಳು ಬಾಕಿ ಇದ್ದವು. ಇರು ಎಂದು ಹೇಳಬೇಕೆಂದುಕೊಂಡವಳು ಅವನ ಪಕ್ಕದಲ್ಲಿ ಕುಳಿತು ನಾನೂ ಹುಳು ಆರಿಸಿದೆ.

ಅವನು ಒಬ್ಬನೇ ಊರು ಸೇರಿದ್ದನ್ನು ಕಂಡು ಅಜ್ಜಿ ಹೌಹಾರಿದಳಂತೆ. "ವಯಸ್ಸಿಗೆ ಬಂದ ಮಗೂನ ಅಲ್ಲಿ ಒಂಟಿಯಾಗಿ ಬಿಟ್ಟು ಬಂದ್ಯೇನೋ?" "ಒಂಟಿ ಹೆಂಗಾಗ್ತಾಳವ್ವ? ಅಷ್ಟೊಂದು ಮಕ್ಕಳವ್ರೆ" ಎಂದನಂತೆ ಅಪ್ಪ.

ನಾನು ಪಾಸಾದೆ. ಅಜ್ಜಿಯ ಅಣ್ಣನ ಮೊಮ್ಮಗನಿಗೆ ಬೇರೆ ಕಡೆ ಒಳ್ಳೆಯ ಹೆಣ್ಣೇ ಸಿಕ್ಕಿತು. ಆ ವರ್ಷವೇ ನನಗೆ ಸಾದಲಿಯ ಶಾಲೆಗೆ ನೇಮಕದ ಆರ್ಡರು ಬಂತು. ಹೋಗುವ ದಿನ ಅಪ್ಪ ಚಿಂತಾಮಣಿಯ ಬಸ್‌ಸ್ಟ್ಯಾಂಡಿನ ತನಕ ಬಂದು, ಟ್ರಂಕನ್ನು ಮೇಲೆ ಹಾಕಿಸಿ, ಕಂಡಕ್ಟರಿನ ಹತ್ತಿರ ಏನೋ ಮಾತಾಡಿ, ಕೆಳಗೇ ನಿಂತುಕೊಂಡ. ಜೊತೆಗೆ ಬರುತ್ತೇನೆ ಎನ್ನಲಿಲ್ಲ. ನಾನೂ ಕೇಳಲಿಲ್ಲ, ಸಂಬಳದ ಮೇಷ್ಟ್ರಿಗೆ ಅಪ್ಪ ಯಾಕೆ? ಬಸ್ಸು ಹೊರಟ ಮೇಲೆ ಹೊಸ ತರಗತಿಯ ಮೊದಲ ಪಾಠಕ್ಕೆ ಉದ್ದೇಶ ಬರೆಯಲು ಕುಳಿತೆ. ಕಣ್ಣಿಗೆ ಕಾಣುವಂಥದ್ದು, ಕಿವಿಗೆ ಕೇಳುವಂಥದ್ದು. ಬರೆದು, ಹೊಡೆದು, ಮತ್ತೆ ಬರೆದು, ಕೊನೆಗೆ ಮನಸ್ಸಿಗೆ ಒಪ್ಪುವ ಒಂದು ಸಾಲು ಸಿಕ್ಕಿ ತಲೆಯೆತ್ತಿದರೆ ಎದುರಿಗೆ ನಂದಿಬೆಟ್ಟ ನಿಂತಿದೆ. ಬಸ್ಸು ಚಿಕ್ಕಬಳ್ಳಾಪುರಕ್ಕೆ ಬಂದಿತ್ತು. ಸಾದಲಿಗೆ ಹೋಗುವವರು ಶಿಡ್ಲಘಟ್ಟದಲ್ಲೇ ಇಳಿದು ಬೇರೆ ಬಸ್ಸು ಹಿಡಿಯಬೇಕಿತ್ತು.

"ಟಿಕೆಟ್ ಶಿಡ್ಲಘಟ್ಟಕ್ಕೆ ಅಂತ ನಿಮಗೆ ಗೊತ್ತಿತ್ತಲ್ಲ. ಅಲ್ಲಿ ಒಂದು ಮಾತು ಹೇಳಬಾರದಿತ್ತಾ?" ಎಂದು ಕ್ಲೀನರು ಟ್ರಂಕು ಇಳಿಸುವಾಗ ನಾನು ಕಂಡಕ್ಟರಿನ ಮೇಲೆ ರೇಗಿದೆ.

ಆತ ಪಾಪ, ಕೈಮುಗಿದ. "ಹೇಳಾಣ ಅಂತಾನೇ ಇದ್ದೆ ಕಣಮ್ಮ. ನಿಮ್ಮ ತಂದೆಯೋರು ಚಿಂತಾಮಣೀಲಿ ಅಷ್ಟೊಂದು ಹೇಳಿದ್ರು ನೋಡಿ, 'ನಮ್ಮ ಹುಡುಗಿ ಮೇಷ್ಟ್ರು, ಅವಳಿಗೆಲ್ಲಾ ಗೊತ್ತದೆ. ನೀವು ಮಧ್ಯ ಬಾಯಿ ಹಾಕಿ ಏನೂ ಹೇಳ್ಕೊಡಬ್ಯಾಡಿ' ಅಂತ. ಅದಕ್ಕೇ ತಡ್ಕೊಂಡು ಸುಮ್ನಿದ್ದೆ."